ಪಾದರಸದ ಹೊಗೆ ಕುಡಿಯದೆ ಚಿನ್ನ ತೆಗೆಯುವುದು ಹೇಗೆ: ಸಣ್ಣ ಗಣಿಗಾರರಿಗೆ ಹಂತ ಹಂತದ ಮಾರ್ಗದರ್ಶಿ

"ಮಾಸ್ಕ್ ಹಾಕಿದ್ದೆ, ಕಿಟಕಿನೂ ತೆಗೆದಿದ್ದೆ, ಆದರೂ ಕೈ ನಡುಗುತ್ತಿದೆ." ಸಣ್ಣ ಪ್ರಮಾಣದಲ್ಲಿ ಚಿನ್ನ ತೆಗೆಯುವವರ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು ಇದು. ಎಲ್ಲಿ ತಪ್ಪುತ್ತದೆ ಅಂದರೆ, ಎಲ್ಲರೂ ಮಾಸ್ಕ್‌ನಿಂದ ಶುರು ಮಾಡುತ್ತಾರೆ. ಮಾಸ್ಕ್ ಕೊನೆಗೆ ಬರಬೇಕಾದದ್ದು. ಮೊದಲು ವಿಷ ಹುಟ್ಟುವುದನ್ನು ಕಡಿಮೆ ಮಾಡಬೇಕು, ಆಮೇಲೆ ಹುಟ್ಟಿದ್ದನ್ನು ಹಿಡಿಯಬೇಕು, ಅದೂ ತಪ್ಪಿಸಿಕೊಂಡರೆ ಮಾತ್ರ ಮುಖಕ್ಕೆ ಏನು ಕಟ್ಟಿಕೊಳ್ಳಬೇಕು ಅನ್ನುವ ಪ್ರಶ್ನೆ. ಈ ಕ್ರಮ ತಿರುಗಿಸಿದರೆ ಎಷ್ಟು ಖರ್ಚು ಮಾಡಿದರೂ ಅಷ್ಟೇ.

## ಮೊದಲು ಇಷ್ಟು ಗೊತ್ತಿರಲಿ

ತೊಂದರೆ ಕೊಡುವ ಲೋಹಗಳು ಮುಖ್ಯವಾಗಿ ಮೂರು. ಪಾದರಸ ನಾವೇ ತಂದು ಹಾಕುವುದು: ಅದು ಚಿನ್ನದ ಕಣಗಳನ್ನು ಹಿಡಿದು ಉಂಡೆ ಕಟ್ಟುತ್ತದೆ, ಆ ಉಂಡೆ ಸುಟ್ಟರೆ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಸೀಸ ಮತ್ತು ಆರ್ಸೆನಿಕ್ ಅದಿರಿನಲ್ಲೇ ಇರುತ್ತವೆ, ಎಲ್ಲ ಅದಿರಿನಲ್ಲೂ ಅಲ್ಲ, ಆದರೆ ಇದ್ದಾಗ ಜಾಸ್ತಿಯೇ ಇರುತ್ತವೆ.

ಪಾದರಸದ ಬಗ್ಗೆ ಜನ ಉಲ್ಟಾ ತಿಳಿದುಕೊಂಡಿದ್ದಾರೆ. ಕೈಗೆ ಅಂಟಿದರೆ, ಬಾಯಿಗೆ ಹೋದರೆ ಹೆದರುತ್ತಾರೆ. ನಿಜವಾಗಿ ಹೊಟ್ಟೆಗೆ ಹೋದ ದ್ರವ ಪಾದರಸ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಉಸಿರಿನಲ್ಲಿ ಹೋದ ಆವಿಯಲ್ಲಿ ಮಾತ್ರ ಸುಮಾರು 80 ಶೇಕಡಾ ಶ್ವಾಸಕೋಶದಿಂದ ನೇರ ರಕ್ತಕ್ಕೆ, ಅಲ್ಲಿಂದ ಮೆದುಳಿಗೆ, ಮೂತ್ರಪಿಂಡಕ್ಕೆ. ಆ ಆವಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. "ವಾಸನೆ ಬಂದರೆ ಎದ್ದು ಹೋಗ್ತೀನಿ" ಅನ್ನುವವರಿಗೆ ಏಳುವ ಹೊತ್ತು ಬರುವುದೇ ಇಲ್ಲ.

ಲೆಕ್ಕ ನೋಡಿ. 3 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆ. ಅದರಲ್ಲಿ ಬರೀ 1 ಗ್ರಾಂ ಪಾದರಸ ಆವಿಯಾಯಿತು ಅಂದುಕೊಳ್ಳಿ. ಒಂದು ಘನ ಮೀಟರ್ ಗಾಳಿಯ ಪಾಲಿಗೆ ಸುಮಾರು 37,000 ಮೈಕ್ರೋಗ್ರಾಂ. ಕೆಲಸದ ಜಾಗದಲ್ಲಿ 8 ಗಂಟೆಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ 25. ಗಾಳಿ ಅಷ್ಟನ್ನೂ ಹಿಡಿದುಕೊಳ್ಳುವುದಿಲ್ಲ, ಮಿಕ್ಕಿದ್ದು ಗೋಡೆಗೆ, ಸೂರಿಗೆ, ಹಾಸಿಗೆಗೆ ಕೂರುತ್ತದೆ, ಮಾರನೇ ದಿನ ಬಿಸಿಲೇರಿದಾಗ ಮತ್ತೆ ಏಳುತ್ತದೆ. ಕಿಟಕಿ ತೆಗೆದರೆ ಸಾಲದು ಅನ್ನುವುದು ಇದಕ್ಕೇ.

## ಬೇಕಾಗುವ ಸಾಮಾನು

ರೆಟಾರ್ಟ್ ಒಂದು, ಅಂದರೆ ಮುಚ್ಚಳ ಇರುವ ಮೂಸೆ ಮತ್ತು ಆವಿಯನ್ನು ತಣ್ಣಗೆ ಮಾಡಿ ಇಳಿಸುವ ಪೈಪು. ಇದು ಕಬ್ಬಿಣ ಅಥವಾ ಸ್ಟೀಲಿನದೇ ಆಗಬೇಕು. ತಾಮ್ರ, ಹಿತ್ತಾಳೆ, ಸತುವಿನ ಲೇಪ ಇರುವ ನೀರಿನ ಪೈಪು ಬೇಡ. ಪಾದರಸ ಆ ಲೋಹಗಳ ಜೊತೆ ಕೂಡಿಕೊಳ್ಳುತ್ತದೆ, ಸತುವು ಬಿಸಿಯಾದರೆ ಅದರ ಹೊಗೆ ಬೇರೆ.

ದಪ್ಪ ಪ್ಲಾಸ್ಟಿಕ್ ಬಾಟಲಿ, ಬಿಗಿ ಮುಚ್ಚಳದ್ದು, ಚಿಕ್ಕದು. ಒಂದು ಲೀಟರ್ ಪಾದರಸ 13.5 ಕೆಜಿ ತೂಗುತ್ತದೆ, ದೊಡ್ಡ ತೆಳು ಬಾಟಲಿ ಎತ್ತುವಾಗಲೇ ಬುಡ ಬಿಟ್ಟುಕೊಳ್ಳುತ್ತದೆ. ನೈಟ್ರೈಲ್ ಗ್ಲೌಸ್, ಅಗಲ ತಟ್ಟೆ, ಗಂಧಕದ ಪುಡಿ, ಡ್ರಾಪರ್, ಟಾರ್ಚ್, ಅಂಟು ಟೇಪು. ಕೆಲಸಕ್ಕೆ ಬೇರೆ ಬಟ್ಟೆ, ಬೇರೆ ಚಪ್ಪಲಿ. ಕೊನೆಗೆ ಮಾಸ್ಕ್: ಪಾದರಸದ ಆವಿಗೆ ಅಂತಲೇ ಬರೆದಿರುವ ಕಾರ್ಟ್ರಿಡ್ಜ್ ಇರುವ ರಬ್ಬರ್ ಮಾಸ್ಕ್.

ಬಟ್ಟೆ, ಸರ್ಜಿಕಲ್ ಮಾಸ್ಕ್, ಎನ್95, ಇವೆಲ್ಲ ದೂಳಿಗೆ. ಆವಿಗೆ ಇವು ಜರಡಿ ಇದ್ದ ಹಾಗೆ.

## ಹಂತ 1: ಅದಿರು ನೋಡಿ

ಕುಟ್ಟುವ ಮುನ್ನ ಒಂದು ತುಂಡು ಒಡೆದು ಒಳಗಿನ ಹೊಸ ಮುಖ ಬೆಳಕಿಗೆ ಹಿಡಿಯಿರಿ. ಸೀಸದ ಬೂದು ಬಣ್ಣ, ಕನ್ನಡಿ ಹಾಗೆ ಹೊಳಪು, ಚಿಕ್ಕ ಚಿಕ್ಕ ಘನಾಕಾರದ ಚೂರುಗಳಾಗಿ ಒಡೆಯುವುದು, ಗಾತ್ರಕ್ಕೆ ಮೀರಿದ ತೂಕ: ಇದು ಗ್ಯಾಲೀನಾ, ಸೀಸದ ಅದಿರು. ಬೆಳ್ಳಿ ಬಿಳುಪಿನ ಖನಿಜ, ಸುತ್ತಿಗೆ ಬಿದ್ದಾಗ ಬೆಳ್ಳುಳ್ಳಿ ವಾಸನೆ ಬಂದರೆ ಆರ್ಸೆನೊಪೈರೈಟ್ ಇರುವ ಸಾಧ್ಯತೆ ಜಾಸ್ತಿ. ವಾಸನೆ ತಾನಾಗಿ ಬಂದರೆ ಗಮನಿಸಿ ಅಷ್ಟೇ, ಮೂಗಿಗೆ ಹಿಡಿದು ಮೂಸಬೇಡಿ.

ಕಣ್ಣಿಗೆ ಕಾಣದಿದ್ದರೆ ಇಲ್ಲ ಅಂತ ಅರ್ಥ ಅಲ್ಲ. ಸೀಸ ನುಣ್ಣಗೆ ಹರಡಿಕೊಂಡೂ ಇರಬಹುದು. ಹೊಸ ಜಾಗದಲ್ಲಿ ಕೆಲಸ ಶುರು ಮಾಡುವಾಗ ಒಂದು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಸೀಸ, ಆರ್ಸೆನಿಕ್ ಎರಡನ್ನೂ ಅಳೆಸಿ.

ಆರ್ಸೆನಿಕ್ ಇರುವ ಅದಿರನ್ನು "ಚಿನ್ನ ಸುಲಭವಾಗಿ ಬಿಡಲಿ" ಅಂತ ಬೆಂಕಿಯಲ್ಲಿ ಹುರಿಯುವ ರೂಢಿ ಕೆಲವು ಕಡೆ ಇದೆ. ಆಗ ಏಳುವ ಬಿಳಿ ಹೊಗೆ ಆರ್ಸೆನಿಕ್ ಟ್ರೈಆಕ್ಸೈಡ್, ಸಾಕ್ಷಾತ್ ಪಾಷಾಣ. ಈ ಕೆಲಸಕ್ಕೆ ಸುರಕ್ಷಿತ ಮನೆ ವಿಧಾನ ಇಲ್ಲ. ಬಿಡಬೇಕು, ಅಷ್ಟೇ.

## ಹಂತ 2: ಒದ್ದೆ ಮಾಡಿ ಕುಟ್ಟಿ, ಮನೆಯಿಂದ ದೂರ ಕುಟ್ಟಿ

2010ರಲ್ಲಿ ನೈಜೀರಿಯಾದ ಜಂಫಾರಾ ರಾಜ್ಯದಲ್ಲಿ 400ಕ್ಕೂ ಹೆಚ್ಚು ಮಕ್ಕಳು ಸೀಸದ ವಿಷದಿಂದ ಸತ್ತರು. ಆ ಮಕ್ಕಳಲ್ಲಿ ಹೆಚ್ಚಿನವರು ಗಣಿಗೆ ಇಳಿದವರಲ್ಲ. ಸೀಸ ತುಂಬಿದ್ದ ಚಿನ್ನದ ಅದಿರನ್ನು ಊರೊಳಗೆ, ಮನೆಯಂಗಳದಲ್ಲೇ ಒಣಗಿದ್ದಾಗ ಕುಟ್ಟಿ ಅರೆಯುತ್ತಿದ್ದರು. ದೂಳು ನೆಲಕ್ಕೆ, ಕೈಗೆ, ಕೈಯಿಂದ ಬಾಯಿಗೆ ಹೋಯಿತು.

ಹಾಗಾಗಿ ಅದಿರು ಚೀಲ ಮನೆ ಬಾಗಿಲು ದಾಟಬಾರದು. ಕುಟ್ಟುವಾಗ ನೀರು ಚಿಮುಕಿಸುತ್ತಾ ಇರಿ, ಅರೆಯುವ ಯಂತ್ರಕ್ಕೆ ನೀರಿನ ಧಾರೆ ಬಿಡಿ. ದೂಳು ಕೆಸರಾಗಿ ಅಲ್ಲೇ ಉಳಿಯುತ್ತದೆ. ಜೊತೆಗೆ ಕಲ್ಲಿನ ಸಿಲಿಕಾ ದೂಳಿನಿಂದ ಶ್ವಾಸಕೋಶಕ್ಕೆ ಆಗುವ ಹಾನಿಯೂ ತಗ್ಗುತ್ತದೆ. ಎನ್95 ಮಾಸ್ಕ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲೇ. ಧಾನ್ಯ ಬೀಸುವ ಗಿರಣಿಯಲ್ಲಿ ಒಂದೇ ಒಂದು ಸಲ ಅದಿರು ಬೀಸಿದರೂ ಆ ಗಿರಣಿ ಮತ್ತೆ ಧಾನ್ಯಕ್ಕಿಲ್ಲ.

## ಹಂತ 3: ಪಾದರಸ ಹಾಕುವ ಮುನ್ನ ಮಣ್ಣು ಕಡಿಮೆ ಮಾಡಿ

ಅರೆದ ಅದಿರಿಗೆಲ್ಲ ಪಾದರಸ ಸುರಿದು ತಿರುಗಿಸುವುದು ಅತಿ ಕೆಟ್ಟ ದಾರಿ. ಪಾದರಸ ಸಣ್ಣ ಸಣ್ಣ ಹನಿಯಾಗಿ ಒಡೆದು ಕೆಸರಿನ ಜೊತೆ ಕೊಚ್ಚಿ ಹೋಗುತ್ತದೆ, ಹೋಗುವಾಗ ಚಿನ್ನವನ್ನೂ ಹೊತ್ತೊಯ್ಯುತ್ತದೆ. ನಷ್ಟ ನಿಮ್ಮದೇ ಅಲ್ವಾ?

ಮೊದಲು ತೂಕದಿಂದ ಬೇರ್ಪಡಿಸಿ. ಇಳಿಜಾರು ತೊಟ್ಟಿಯಲ್ಲಿ ಒರಟು ಬಟ್ಟೆ ಹಾಸಿ ಕೆಸರು ಹರಿಸಿ. ಚಿನ್ನ, ಕಪ್ಪು ಮರಳು ಬಟ್ಟೆಯಲ್ಲಿ ಕೂರುತ್ತವೆ. ಅದನ್ನು ಒದರಿ, ಮರಿಗೆಯಲ್ಲಿ ಹಾಕಿ ಅಕ್ಕಿ ಜಾಲಿಸಿದ ಹಾಗೆ ಜಾಲಿಸಿ. ಒಂದು ಸಲಕ್ಕೆ ತೃಪ್ತಿ ಪಡಬೇಡಿ, ಎರಡು ಮೂರು ಸಲ ಮಾಡಿ. ಮೂಟೆಗಟ್ಟಲೆ ಅದಿರು ಒಂದು ಬೊಗಸೆ ಕಪ್ಪು ಮರಳಿಗೆ ಇಳಿಯಬೇಕು. ಪಾದರಸ ಬೇಕಾದರೆ ಆ ಬೊಗಸೆಗೆ ಮಾತ್ರ.

ಆ ಬೊಗಸೆಯಲ್ಲಿ ಚಿನ್ನ ಚೆನ್ನಾಗಿ ಕಾಣುವಷ್ಟಿದ್ದರೆ ಪಾದರಸವೇ ಬೇಡ. ಬಿಳಿಗಾರ, ಅಂದರೆ ಬೊರಾಕ್ಸ್, ಬೆರೆಸಿ ಮೂಸೆಯಲ್ಲಿ ನೇರ ಕರಗಿಸಬಹುದು. ಕಸ ಗಾಜಿನ ಹಾಗೆ ಕರಗಿ ಮೇಲೆ ತೇಲುತ್ತದೆ, ಚಿನ್ನ ಗುಂಡಾಗಿ ತಳ ಸೇರುತ್ತದೆ. ಫಿಲಿಪೈನ್ಸ್‌ನ ಬೆಂಗೆಟ್ ಪ್ರಾಂತ್ಯದ ಸಣ್ಣ ಗಣಿಗಾರರು ದಶಕಗಳಿಂದ ಹೀಗೇ ಮಾಡುತ್ತಿದ್ದಾರೆ. ಇದನ್ನು ಮಾಡಿ ಸೋತವರು ಸಾಮಾನ್ಯವಾಗಿ ಸರಿಯಾಗಿ ಜಾಲಿಸದೆ ಅರ್ಧ ಮರಳನ್ನೇ ಮೂಸೆಗೆ ಸುರಿದವರು. ಇನ್ನೊಂದು ಮಾತು: ಗ್ಯಾಲೀನಾ, ಆರ್ಸೆನೊಪೈರೈಟ್ ಎರಡೂ ಭಾರದ ಖನಿಜಗಳು, ಜಾಲಿಸಿದಾಗ ಚಿನ್ನದ ಜೊತೆಗೇ ಉಳಿಯುತ್ತವೆ. ಹಂತ 1ರಲ್ಲಿ ಅವು ಸಿಕ್ಕಿದ್ದರೆ ಈ ವಿಧಾನಕ್ಕೆ ಕೈ ಹಾಕಬೇಡಿ, ಕರಗಿಸುವಾಗ ಅವುಗಳ ಹೊಗೆ ಏಳುತ್ತದೆ.

## ಹಂತ 4: ಪಾದರಸ ಕಲಸುವುದು, ಹಿಂಡುವುದು

ಗ್ಲೌಸ್ ಹಾಕಿ, ಉಂಗುರ ಬಳೆ ತೆಗೆದಿಡಿ (ಪಾದರಸ ತಗುಲಿದ ಚಿನ್ನದ ಉಂಗುರ ಬೆಳ್ಳಗಾಗಿ ಕೂರುತ್ತದೆ), ನೀರು ತುಂಬಿದ ಪಾತ್ರೆಯಲ್ಲಿ, ನೆರಳಲ್ಲಿ ಕಲಸಿ. ನೀರಿನ ಪದರ ಮೇಲಿದ್ದರೆ ಆವಿ ಕಡಿಮೆ. ಬಾಟಲಿಯಲ್ಲಿ ಇಡುವಾಗಲೂ ಪಾದರಸದ ಮೇಲೆ ಎರಡು ಬೆರಳು ನೀರು ಇರಲಿ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ, ಪಾದರಸ ಅದನ್ನು ತಿಂದು ಹಾಕುತ್ತದೆ.

ಆಮೇಲೆ ಹಿಂಡುವುದು. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಗಂಟು ಕಟ್ಟಿ ತಿರುಚಿದಾಗ ನೇಯ್ಗೆಯ ಸಂದಿಗಳಿಂದ ಬೆವರಿನ ಹಾಗೆ ಪಾದರಸದ ಹನಿ ಮೂಡಿ, ಒಂದಕ್ಕೊಂದು ಸೇರಿ, ತಟ್ಟೆಗೆ ಬೀಳುತ್ತವೆ. ಇನ್ನು ಬೀಳುವುದಿಲ್ಲ ಅನ್ನಿಸಿದ ಮೇಲೂ ಇನ್ನೊಂದು ನಾಲ್ಕು ಸುತ್ತು ತಿರುಚಿ. ಇಲ್ಲಿ ಹೊರಬಿದ್ದ ಪ್ರತಿ ಹನಿಯೂ ಮುಂದೆ ಬೆಂಕಿಗೆ ಹೋಗುವುದು ತಪ್ಪುತ್ತದೆ. ಚೆನ್ನಾಗಿ ಹಿಂಡಿದ ಉಂಡೆಯಲ್ಲೂ ತೂಕದ ಅರ್ಧದಷ್ಟು ಪಾದರಸವೇ ಇರುತ್ತದೆ ಅನ್ನುವುದು ನೆನಪಿರಲಿ. ಬಾಯಲ್ಲಿ ಬಟ್ಟೆ ಕಚ್ಚಿಕೊಂಡು ಹಿಂಡಬೇಡಿ.

## ಹಂತ 5: ಉಂಡೆ ಸುಡುವುದು

ಇಡೀ ಕೆಲಸದಲ್ಲಿ ಅತಿ ಅಪಾಯದ ಹೊತ್ತು ಇದು. ಪಾದರಸ 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಬ್ಲೋ ಟಾರ್ಚಿಗೆ ಅದು ಏನೇನೂ ಅಲ್ಲ. ಬಾಣಲೆಯಲ್ಲೋ ಸಲಿಕೆ ಮೇಲೋ ಇಟ್ಟು ಸುಟ್ಟರೆ ಉಂಡೆಯಲ್ಲಿದ್ದ ಪಾದರಸ ಅಷ್ಟೂ ಮುಖದ ಮುಂದೆಯೇ ಆವಿಯಾಗುತ್ತದೆ. 2017ರಲ್ಲಿ ಜಾರಿಗೆ ಬಂದ, ಪಾದರಸದ ಹಾನಿ ತಡೆಯುವ ಅಂತಾರಾಷ್ಟ್ರೀಯ ಮಿನಮಾಟಾ ಒಪ್ಪಂದ ತೊಲಗಿಸಬೇಕು ಅಂತ ಪಟ್ಟಿ ಮಾಡಿದ ನಾಲ್ಕು ಪದ್ಧತಿಗಳಲ್ಲಿ ಎರಡು ಇಲ್ಲಿಯವೇ: ಬಯಲಾಗಿ ಸುಡುವುದು, ಜನ ವಾಸಿಸುವ ಕಡೆ ಸುಡುವುದು. ರೆಟಾರ್ಟ್ ಇದ್ದರೂ ಮನೆಯೊಳಗೆ ಬೇಡ ಅಂತ ಅರ್ಥ.

ಹೀಗೆ ಮಾಡಿ:

1. ಸೋರಿಕೆ ನೋಡಿ. ಉಂಡೆ ಹಾಕುವ ಮುನ್ನ ಖಾಲಿ ರೆಟಾರ್ಟಿನ ಮುಚ್ಚಳ ಬಿಗಿ ಮಾಡಿ, ಮೂಸೆ ಭಾಗ ನೀರಲ್ಲಿ ಮುಳುಗಿಸಿ, ಪೈಪಿಗೆ ಸೈಕಲ್ ಪಂಪಿನಿಂದ ಗಾಳಿ ಒತ್ತಿ. ಬಾಯಿಂದ ಊದಬೇಡಿ. ಗುಳ್ಳೆ ಬಂದ ಕಡೆ ಸೋರುತ್ತಿದೆ. ಸರಿಪಡಿಸಿ, ಪೂರ್ತಿ ಒಣಗಿಸಿ.

2. ಮೂಸೆಯ ಒಳಗೆ ತೆಳುವಾಗಿ ಬೂದಿ ಅಥವಾ ಜೇಡಿ ಸವರಿ ಒಣಗಿಸಿ, ಚಿನ್ನ ಅಂಟುವುದಿಲ್ಲ. ಉಂಡೆ ಹಾಕಿ. ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ.

3. ಪೈಪು ಕೆಳಮುಖವಾಗಿ ಇಳಿಜಾರಿರಲಿ. ಅದರ ಮೇಲೆ ಒದ್ದೆ ಬಟ್ಟೆ ಸುತ್ತಿ, ಆಗಾಗ ನೀರು ಹಾಕುತ್ತಾ ಇರಿ. ಪೈಪು ಕೈಗೆ ಬಿಸಿ ಹತ್ತಿತು ಅಂದರೆ ಆವಿ ತಣ್ಣಗಾಗದೆ ಹೊರಗೆ ಹೋಗುತ್ತಿದೆ ಅಂತ ತಿಳಿಯಿರಿ.

4. ಪೈಪಿನ ತುದಿ ನೀರಿನ ಪಾತ್ರೆಯ ಮೇಲ್ಮೈಗೆ ತೀರಾ ಹತ್ತಿರ ಇರಲಿ, ಆದರೆ ಮುಳುಗಬಾರದು. ಇಲ್ಲಿ ತಪ್ಪಿದವರು ಬಹಳ. ತುದಿ ಮುಳುಗಿದ್ದರೆ, ಉರಿ ತಗ್ಗಿದ ಕೂಡಲೇ ಒಳಗಿನ ಆವಿ ಕುಗ್ಗಿ ನೀರನ್ನು ಮೇಲಕ್ಕೆ ಎಳೆಯುತ್ತದೆ. ಕೆಂಪಗೆ ಕಾದ ಮೂಸೆಗೆ ನೀರು ಬಿದ್ದರೆ ಸಿಡಿಯುತ್ತದೆ. ತುದಿಗೆ ಸಡಿಲವಾಗಿ ಒದ್ದೆ ಬಟ್ಟೆ ಇಳಿಬಿಟ್ಟು ಅದರ ಅಂಚು ಮಾತ್ರ ನೀರಲ್ಲಿರುವಂತೆ ಮಾಡಿ.

5. ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬರುವಂತೆ ನಿಲ್ಲಿ. ಮಾಸ್ಕ್ ಹಾಕುವುದು ಈಗ. ಗಡ್ಡ ಇದ್ದರೆ ರಬ್ಬರ್ ಅಂಚು ಮುಖಕ್ಕೆ ಕೂರುವುದಿಲ್ಲ, ಆಗ ಅದು ಇದ್ದೂ ಇಲ್ಲ. ಕಾರ್ಟ್ರಿಡ್ಜ್ ಯಾವಾಗ ಬದಲಿಸಬೇಕು ಅಂತ ಅದರ ಮೇಲೆ ಅಥವಾ ಜೊತೆಗೆ ಬಂದ ಸೂಚನೆಯಲ್ಲಿ ನೋಡಿ, ಬಳಸಿದ ಗಂಟೆ ಬರೆದಿಡಿ.

6. ಮೂಸೆಯನ್ನು ಎಲ್ಲ ಕಡೆಯಿಂದ ಸಮನಾಗಿ ಕಾಯಿಸಿ, ಮುಚ್ಚಳವನ್ನೂ ಸೇರಿಸಿ. ಮುಚ್ಚಳ ತಣ್ಣಗಿದ್ದರೆ ಪಾದರಸ ಅಲ್ಲೇ ಹನಿಗಟ್ಟಿ ವಾಪಸ್ ಬೀಳುತ್ತದೆ. ಹನಿ ಬೀಳುವುದು ನಿಂತ ಮೇಲೂ ಕೆಲವು ನಿಮಿಷ ಉರಿ ಇರಲಿ, ಪೈಪನ್ನು ಮೆಲ್ಲಗೆ ತಟ್ಟಿ.

7. ಪೂರ್ತಿ ತಣ್ಣಗಾಗುವವರೆಗೆ ತೆರೆಯಬೇಡಿ. ನನ್ನ ಕೇಳಿದರೆ ರೆಟಾರ್ಟ್ ಇಟ್ಟುಕೊಂಡೂ ವಿಷ ಕುಡಿಯುವವರು ಸೋಲುವುದು ಈ ಒಂದು ಕಡೆ. ಚಿನ್ನ ನೋಡುವ ಆತುರ ಯಾರಿಗಿಲ್ಲ ಹೇಳಿ, ಆದರೆ ಬಿಸಿ ಮುಚ್ಚಳ ಎತ್ತಿ ಬಗ್ಗಿ ನೋಡಿದರೆ ಒಳಗುಳಿದ ಆವಿಯೆಲ್ಲ ಒಂದೇ ಉಸಿರಿಗೆ ಸಿಗುತ್ತದೆ.

ತೆರೆದಾಗ ಹಳದಿ ಸ್ಪಂಜಿನ ಹಾಗೆ ಇದ್ದರೆ ಸರಿ. ಬೂದು ಬಣ್ಣ ಉಳಿದಿದ್ದರೆ ಪಾದರಸ ಇದೆ. ಮತ್ತೆ ಮುಚ್ಚಿ ಕಾಯಿಸಿ, "ಸ್ವಲ್ಪ ತಾನೆ" ಅಂತ ಬಯಲಲ್ಲಿ ಬ್ಲೋ ಟಾರ್ಚ್ ಹಿಡಿಯಬೇಡಿ.

ಒಳ್ಳೆಯ ರೆಟಾರ್ಟ್ ಸರಿಯಾಗಿ ಬಳಸಿದರೆ 95 ಶೇಕಡಾದಷ್ಟು ಪಾದರಸ ವಾಪಸ್ ಸಿಗುತ್ತದೆ. ಹೊಸದಾಗಿದ್ದಾಗ ಮೊದಲ ಒಂದೆರಡು ಸಲ ಕಡಿಮೆ ಬರಬಹುದು, ಪೈಪಿನ ಒಳಮೈಗೆ ಅಂಟಿರುತ್ತದೆ. ಇನ್ನು "ರೆಟಾರ್ಟಿಗೆ ಹಾಕಿದ ಪಾದರಸ ಸತ್ತುಹೋಗುತ್ತದೆ, ಚಿನ್ನ ಹಿಡಿಯಲ್ಲ" ಅನ್ನುವ ದೂರು. ಅದು ಸತ್ತಿಲ್ಲ, ಮೇಲ್ಮೈ ಕೊಳೆಯಾಗಿ ಹನಿಗಳು ಒಂದಕ್ಕೊಂದು ಕೂಡುತ್ತಿಲ್ಲ. ಉಪ್ಪು ನೀರಲ್ಲಿ ಹಾಕಿ, ಬ್ಯಾಟರಿಯ ಋಣ ತಂತಿಯನ್ನು ಪಾದರಸಕ್ಕೂ ಧನ ತಂತಿಯನ್ನು ನೀರಲ್ಲಿರುವ ಇಂಗಾಲದ ಕಡ್ಡಿಗೂ ಕೊಟ್ಟು ಸುಮಾರು 10 ನಿಮಿಷ ಬಿಟ್ಟರೆ ಮತ್ತೆ ಒಂದೇ ಮುದ್ದೆಯಾಗುತ್ತದೆ. ಇದನ್ನು ಬಯಲಲ್ಲೇ ಮಾಡಿ, ಸ್ವಲ್ಪ ಕ್ಲೋರಿನ್ ಬರುತ್ತದೆ.

## ಹಂತ 6: ಕರಗಿಸುವಾಗ

ರೆಟಾರ್ಟಿನಿಂದ ಬಂದ ಸ್ಪಂಜು ಚಿನ್ನದಲ್ಲೂ ಸ್ವಲ್ಪ ಪಾದರಸ ಉಳಿದಿರುತ್ತದೆ, 2ರಿಂದ 5 ಶೇಕಡಾ ಇರಬಹುದು. ಅದು ಹೊರಬರುವುದು ಕೊಳ್ಳುವವರ ಅಂಗಡಿಯಲ್ಲಿ, ಮುಚ್ಚಿದ ಚಿಕ್ಕ ಕೋಣೆಯಲ್ಲಿ. ಕರಗಿಸುವಾಗ ಪಕ್ಕದಲ್ಲಿ ನಿಂತು ನೋಡಬೇಡಿ. ತೂಕದ ಅನುಮಾನ ಇದ್ದರೆ ಮುಂಚೆ ತೂಗಿಕೊಂಡು ಹೊರಗೆ ಕೂತಿರಿ.

## ಹಂತ 7: ಚೆಲ್ಲಿದ್ದು, ಉಳಿದದ್ದು

ಪಾದರಸ ಚೆಲ್ಲಿದರೆ ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ. ಎರಡರಿಂದಲೂ ಹನಿ ನೂರಾಗಿ ಒಡೆದು ಆವಿ ಜಾಸ್ತಿಯಾಗುತ್ತದೆ. ಮಕ್ಕಳನ್ನು ಆಚೆ ಕಳಿಸಿ, ದಪ್ಪ ಕಾಗದದಿಂದ ಹನಿಗಳನ್ನು ಒಂದೆಡೆ ದೂಡಿ ಡ್ರಾಪರಿನಿಂದ ಎತ್ತಿ. ಟಾರ್ಚನ್ನು ನೆಲಕ್ಕೆ ಮಲಗಿಸಿ ಬೆಳಕು ಬಿಟ್ಟರೆ ಸಂದಿಯಲ್ಲಿ ಉಳಿದವು ಮಿಣುಕುತ್ತವೆ, ಅವನ್ನು ಟೇಪಿನಿಂದ ಒತ್ತಿ ತೆಗೆಯಿರಿ. ಸಿಗದ ಬಿರುಕಿಗೆ ಗಂಧಕದ ಪುಡಿ ಉದುರಿಸಿ.

ಪಾದರಸ ಬಳಸಿದ ಕೆಸರಿಗೆ ಮತ್ತೆ ಸಯನೈಡ್ ಹಾಕಿ ಉಳಿದ ಚಿನ್ನ ತೆಗೆಯುವವರಿದ್ದಾರೆ. ಮೊದಲು ಪಾದರಸ ತೆಗೆಯದೆ ಇದನ್ನು ಮಾಡಿದರೆ ಪಾದರಸ ನೀರಿನಲ್ಲಿ ಕರಗಿ ಇನ್ನೂ ದೂರ ಹೋಗುತ್ತದೆ. ಕೆರೆ, ಹೊಳೆಯ ತಳದಲ್ಲಿ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸ, ಅಂದರೆ ಮೈಗೆ ಸುಲಭವಾಗಿ ಸೇರುವ ರೂಪ, ಮಾಡುತ್ತವೆ, ಅದು ಮೀನಿಗೆ, ಮೀನಿನಿಂದ ಗರ್ಭಿಣಿಯ ಹೊಟ್ಟೆಯ ಕೂಸಿನ ಮೆದುಳಿಗೆ. ಕೆಸರನ್ನು ಹೊಳೆಗೆ ಬಿಡದೆ, ಗಟ್ಟಿ ಜೇಡಿ ನೆಲದ ಗುಂಡಿಯಲ್ಲಿ ತಡೆಯಿರಿ.

## ಹಂತ 8: ಮನೆಗೆ ಹೋಗುವ ಮುನ್ನ

ಕೆಲಸದ ಜಾಗದಲ್ಲೇ ಬಟ್ಟೆ ಬದಲಿಸಿ, ಕೈ ಮುಖ ತೊಳೆದು, ಆಗುವುದಾದರೆ ಸ್ನಾನ ಮಾಡಿ ಹೊರಡಿ. ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ನೆನೆಸಬೇಡಿ. ಕೆಲಸದ ಜಾಗದಲ್ಲಿ ತಿನ್ನುವುದು, ಬೀಡಿ ಸೇದುವುದು ಬೇಡ, ಸೀಸ ಕೈಯಿಂದಲೇ ಒಳಗೆ ಹೋಗುತ್ತದೆ. ಪಾದರಸದ ಬಾಟಲಿ, ಬಾಣಲೆ, ರೆಟಾರ್ಟ್ ಅಡುಗೆಮನೆಗೆ ಬರಲೇಬಾರದು. ಗರ್ಭಿಣಿಯರು ಮತ್ತು ಮಕ್ಕಳು ಸುಡುವ ಜಾಗದ ಹತ್ತಿರವೂ ಸುಳಿಯಬಾರದು.

## ಹಂತ 9: ಮೈ ಕೊಡುವ ಸೂಚನೆ ಗಮನಿಸಿ

ಸುಟ್ಟ ಕೆಲವೇ ಗಂಟೆಗಳಲ್ಲಿ ಕೆಮ್ಮು, ಎದೆ ಬಿಗಿತ, ಉಸಿರು ಕಟ್ಟುವುದು, ಜ್ವರ, ಬಾಯಲ್ಲಿ ಲೋಹದ ರುಚಿ ಬಂದರೆ ಜ್ವರದ ಮಾತ್ರೆ ನುಂಗಿ ಮಲಗಬೇಡಿ. ಆವಿ ಶ್ವಾಸಕೋಶವನ್ನು ಸುಟ್ಟಿರಬಹುದು, ರಾತ್ರಿಯೊಳಗೆ ಉಲ್ಬಣಿಸಬಹುದು. ಆಸ್ಪತ್ರೆಗೆ ಹೋಗಿ, "ಪಾದರಸದ ಆವಿ ಕುಡಿದಿದ್ದೇನೆ" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಮಲೇರಿಯಾ, ನ್ಯುಮೋನಿಯಾ ಅಂತ ಚಿಕಿತ್ಸೆ ನಡೆಯುತ್ತದೆ.

ನಿಧಾನವಾಗಿ ಬರುವುದು ಬೇರೆ ಥರ. ಬೆರಳು, ರೆಪ್ಪೆ, ತುಟಿಯಲ್ಲಿ ಸಣ್ಣ ನಡುಕ. ನಿದ್ದೆ ಬರದಿರುವುದು, ಮರೆವು, ಸುಮ್ನೆ ಸುಮ್ನೆ ಸಿಟ್ಟು, ಜನರ ಎದುರು ಮುದುಡುವುದು. ಒಸಡು ಊತ, ಜೊಲ್ಲು ಜಾಸ್ತಿ. ಮೂತ್ರದಲ್ಲಿ ನೊರೆ. ತಿಂಗಳಿಗೊಮ್ಮೆ ಒಂದು ಹಾಳೆಯ ಮೇಲೆ ಒಳಗಿನಿಂದ ಹೊರಗೆ ಸುರುಳಿ ಬರೆದು, ತಾರೀಖು ಹಾಕಿ ಇಟ್ಟುಕೊಳ್ಳಿ. ಗೆರೆ ಗರಗಸದ ಹಲ್ಲಿನ ಹಾಗೆ ಆಗುತ್ತಾ ಬಂದರೆ ನಿಮಗೇ ಕಾಣುತ್ತದೆ.

ಸೀಸ ಆದರೆ ಹೊಟ್ಟೆ ಹಿಂಡಿದ ಹಾಗೆ ನೋವು, ಮಲಬದ್ಧತೆ, ರಕ್ತಹೀನತೆ, ಕೈ ಮಣಿಕಟ್ಟು ಜೋತುಬೀಳುವುದು. ಮಗುವಿಗೆ ಸೆಳವು ಬಂದರೆ ಅದು ತುರ್ತು. ಆರ್ಸೆನಿಕ್ ವರ್ಷಗಟ್ಟಲೆ ಹೋದರೆ ಅಂಗೈ ಅಂಗಾಲು ದಪ್ಪಗಾಗಿ ಗಂಟುಗಂಟಾಗುತ್ತವೆ, ಚರ್ಮದ ಮೇಲೆ ಕಪ್ಪು ಬಿಳಿ ಚುಕ್ಕೆ, ಮುಂದೆ ಕ್ಯಾನ್ಸರ್.

## ಹಂತ 10: ಸರಿಯಾದ ಪರೀಕ್ಷೆ ಮಾಡಿಸಿ

ಪಾದರಸದ ಆವಿಗೆ ಮೂತ್ರ ಪರೀಕ್ಷೆ. ಕೂದಲು ಕೊಡಬೇಡಿ, ಅದು ಮೀನಿನಿಂದ ಬರುವ ಪಾದರಸ ತೋರಿಸುತ್ತದೆ. ಬೆಳಗ್ಗೆ ಎದ್ದ ಮೊದಲ ಮೂತ್ರ, ಮನೆಯಲ್ಲಿ, ಕೈ ತೊಳೆದು, ಶುಭ್ರ ಬಟ್ಟೆಯಲ್ಲಿದ್ದಾಗ ಹಿಡಿಯಿರಿ. ಗಣಿ ಜಾಗದಲ್ಲಿ ಹಿಡಿದರೆ ಕೈಮೇಲಿನ ಪಾದರಸವೇ ಬಾಟಲಿಗೆ ಬಿದ್ದು ಲೆಕ್ಕ ಕೆಡುತ್ತದೆ. ಜರ್ಮನಿಯಲ್ಲಿ ಮಾಡಿದ ಮಾನದಂಡದ ಪ್ರಕಾರ ಲೀಟರಿಗೆ 7 ಮೈಕ್ರೋಗ್ರಾಂ ಒಳಗಿದ್ದರೆ ಚಿಂತೆ ಇಲ್ಲ, 25 ದಾಟಿದರೆ ಕ್ರಮ ಬೇಕು. ಮೂತ್ರ ಎಷ್ಟು ತೆಳುವಾಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಕೂಡ ಅಳೆಯಲು ಹೇಳಿ, ನೀರು ಜಾಸ್ತಿ ಕುಡಿದಿದ್ದರೆ ಅಂಕಿ ತಪ್ಪಾಗಿ ಕಡಿಮೆ ತೋರಿಸುತ್ತದೆ.

ಸೀಸಕ್ಕೆ ರಕ್ತ, ಮುಖ್ಯವಾಗಿ ಮಕ್ಕಳದ್ದು. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆರ್ಸೆನಿಕ್‌ಗೆ ಮೂತ್ರ, ಆದರೆ ಪರೀಕ್ಷೆಗೆ ಮೂರು ನಾಲ್ಕು ದಿನ ಮುಂಚಿನಿಂದ ಮೀನು, ಸಿಗಡಿ ತಿನ್ನಬೇಡಿ. ಅವುಗಳಲ್ಲಿರುವ ನಿರುಪದ್ರವಿ ಆರ್ಸೆನಿಕ್ ಕೂಡ ಲೆಕ್ಕಕ್ಕೆ ಬರುತ್ತದೆ.

ಲೋಹ ಹೊರಹಾಕುವ ಮಾತ್ರೆ ಕೊಟ್ಟು ಆಮೇಲೆ ಮೂತ್ರ ಹಿಡಿಸುವ ಪರೀಕ್ಷೆಗೆ ದುಡ್ಡು ಹಾಕಬೇಡಿ. ಆ ಮಾತ್ರೆ ತಿಂದರೆ ಯಾರಿಗಾದರೂ ಅಂಕಿ ಏರುತ್ತದೆ. ಹಾಲು ಕುಡಿದರೆ ವಿಷ ಇಳಿಯುತ್ತದೆ ಅನ್ನುವುದೂ ಸುಳ್ಳು. ಲೋಹ ಹೊರಹಾಕುವ ನಿಜವಾದ ಔಷಧಿಗಳಿವೆ, ಡಿಎಂಎಸ್‌ಎ, ಡಿಎಂಪಿಎಸ್ ಥರದವು, ವೈದ್ಯರ ಕಣ್ಣೆದುರೇ ಆಗಬೇಕು. ಔಷಧಿ ತಿನ್ನುತ್ತಾ ಹೊಗೆ ಕುಡಿಯುವುದನ್ನೂ ಮುಂದುವರಿಸಿದರೆ ಉಪಯೋಗವಿಲ್ಲ.

ಮೈಯಲ್ಲಿರುವ ಪಾದರಸ ಅರ್ಧಕ್ಕೆ ಇಳಿಯಲು ಸುಮಾರು ಎರಡು ತಿಂಗಳು ಬೇಕು. ಹಾಗಾಗಿ ಈ ಕ್ರಮಕ್ಕೆ ಬದಲಾದ ದಿನ ಬರೆದಿಟ್ಟು, ಎರಡು ತಿಂಗಳ ನಂತರ ಅದೇ ಪ್ರಯೋಗಾಲಯದಲ್ಲಿ ಇನ್ನೊಮ್ಮೆ ಮೂತ್ರ ಕೊಡಿ. ಅಂಕಿ ಇಳಿಯದಿದ್ದರೆ ಮೊದಲು ರೆಟಾರ್ಟಿನ ಮುಚ್ಚಳ ನೋಡಿ, ಆಮೇಲೆ ಮನೆಯಲ್ಲಿ ಮುಂಚೆ ಸುಡುತ್ತಿದ್ದ ಕೋಣೆಯ ಗೋಡೆ, ನೆಲ.